ಗಿಡ್ಡಿಯ ಮುಂದೆ ಕೂತವನು

ಘೋಡಗೇರಿಯಲ್ಲಿ ಒಂದು ಕಾಲಕ್ಕೆ ಗಾಡಿಗೆ ಕಬ್ಬು ಹೇರುತ್ತಿದ್ದ ಹಳೆಯ ಕಟ್ಟೆಗೆ ರವಿವಾರ ಬೆಳಿಗ್ಗೆ ಹೋದರೆ ಮೂರು ಥರದ ಮಂದಿ ಸಿಗುತ್ತಾರೆ. ಗಿಡ್ಡಿಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳುವವರು ಒಂದು ಥರ. ಗೋಕಾಕದಿಂದ ಸ್ವಂತ ಖರ್ಚಿನಲ್ಲಿ ಬಂದು, ಇಡೀ ದಿನ ನಟ್ಟು ಬೋಲ್ಟು ತಿರುವಿ, ಅಂಗಿ ತುಂಬ ಗ್ರೀಸು ಮೆತ್ತಿಕೊಂಡು ಹೋಗಿ ಮನೆಯಲ್ಲಿ ಬೈಸಿಕೊಳ್ಳುವವರು ಇನ್ನೊಂದು ಥರ. ಮೂರನೆಯ ಥರದಲ್ಲಿ ಒಬ್ಬನೇ ಇದ್ದಾನೆ, ಅವನು ಸತ್ತೆಪ್ಪ.

ಗಿಡ್ಡಿ ಎಂದರೆ ಇಂಜಿನು. ಎರಡು ಫೂಟು ಅಗಲದ ಹಳಿಯ ಮೇಲೆ ಓಡುವ ಉಗಿ ಇಂಜಿನು. ಒಂದು ಕಾಲಕ್ಕೆ ಹೊಳೆದಂಡೆಯ ಹೊಲಗಳ ಕಬ್ಬನ್ನೆಲ್ಲ ಸಕ್ಕರೆ ಕಾರ್ಖಾನೆಗೆ ಎಳೆದು ಹಾಕಿದ್ದು. ಅದರ ಹೊಟ್ಟೆಯ ಮೇಲಿನ ಹಿತ್ತಾಳೆ ಫಲಕದಲ್ಲಿ ಉದ್ದನೆಯದೊಂದು ವಿಲಾಯತಿ ಹೆಸರಿದೆ. ಅದನ್ನು ಓದಿದವರು ಕಡಿಮೆ, ನೆನಪಿಟ್ಟವರು ಇಲ್ಲವೇ ಇಲ್ಲ. ದೊಡ್ಡ ರೈಲಿನ ಇಂಜಿನಿನ ಪಕ್ಕದಲ್ಲಿ ನಿಲ್ಲಿಸಿದರೆ ಅದರ ಮೊಮ್ಮಗಳ ಹಾಗೆ ಕಾಣುವುದರಿಂದ ಊರವರು ಗಿಡ್ಡಿ ಎಂದರು, ಗಿಡ್ಡಿಯೇ ಉಳಿಯಿತು.

ಸತ್ತೆಪ್ಪನಿಗೆ ಈಗ ಎಪ್ಪತ್ತೆರಡು. ಇಪ್ಪತ್ತನೆಯ ವಯಸ್ಸಿಗೆ ಗಿಡ್ಡಿಯ ಮುಂದೆ ಕೂತವನು ನಲವತ್ತೆರಡಕ್ಕೆ ಇಳಿದ. ಆ ಇಪ್ಪತ್ತೆರಡು ವರ್ಷವೂ ಅವನಿಗೆ ಬೇಕಾಗಿದ್ದುದು ಒಂದೇ. ಡ್ರೈವರ್ ನಿಲ್ಲುವ ಗೂಡಿನೊಳಗೆ ಹತ್ತಿ, ಉಗಿ ಬಿಡುವ ಹ್ಯಾಂಡಲ್ಲು ಹಿಡಿದು, ಹಾದಿಯ ನಡುವಿನ ಏರಾದ ಬೇವಿನ ದಿನ್ನೆಗೆ ಗಿಡ್ಡಿಯನ್ನು ಒಂದೇ ಒಂದು ಸಲ ತಾನು ಹತ್ತಿಸಬೇಕು. ಕೆಲಸ ಹೋದ ಮೇಲಿನ ಮೂವತ್ತು ವರ್ಷವೂ ಅವನಿಗೆ ಬೇಕಾಗಿದ್ದುದು ಅದೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಅವನ ಹೆಂಡತಿ ಗುಡ್ಡವ್ವ ಅಂದದ್ದು ಎಷ್ಟು ಸಲವೋ.

ಮುಂದೆ ಕೂತ ಎಂದರೆ ನಿಜವಾಗಿಯೂ ಮುಂದೆಯೇ. ಇಂಜಿನಿನ ಮೂತಿಯ ಕೆಳಗೆ ಅಡ್ಡಲಾಗಿ ಒಂದು ಮರದ ದಿಮ್ಮಿ. ಅದರ ನಟ್ಟನಡುವೆ ಗೋಣಿಚೀಲ ಮಡಚಿ ಹಾಕಿಕೊಂಡು, ಕಾಲು ಇಳಿಬಿಟ್ಟು, ತೊಡೆಯ ನಡುವೆ ಉಸುಕಿನ ಬುಟ್ಟಿ ಇಟ್ಟುಕೊಂಡು ಸತ್ತೆಪ್ಪ ಕೂರುತ್ತಿದ್ದ. ಗಾಡಿಯ ಡಬ್ಬಿಗಳಿಂದ ಉದುರಿದ ಕಬ್ಬು ಹಳಿಯ ಮೇಲೆ ಬಿದ್ದು, ಗಾಲಿಗೆ ಸಿಕ್ಕಿ ಅರೆದು, ರಸ ಹರಿದು, ಹಳಿಗೆ ಎಣ್ಣೆ ಸವರಿದ ಹಾಗೆ ಆಗುತ್ತಿತ್ತು. ಬಯಲಿನಲ್ಲಿ ಹೇಗೋ ನಡೆಯುತ್ತಿತ್ತು. ಬೇವಿನ ದಿನ್ನೆ ಬಂತೆಂದರೆ ಗಾಲಿ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಆಗ ಎಡಗೈಯಿಂದ ಎಡದ ಹಳಿಗೆ, ಬಲಗೈಯಿಂದ ಬಲದ ಹಳಿಗೆ ಉಸುಕು ಬಿಡಬೇಕು. ರಂಗೋಲಿಯ ಎಳೆ ಬಿಟ್ಟ ಹಾಗೆ ಬಿಡಬೇಕು. ಹಿಡಿ ತುಂಬಿ ಎಸೆದರೆ ಗಾಲಿ ಹಳಿ ಬಿಟ್ಟರೂ ಬಿಟ್ಟೀತು.

ಗಾಲಿ ಜಾರಿದ ಕೂಡಲೇ ಬಲಗೈಯನ್ನು ಹೊರಗೆ ಚಾಚಿ ಅಂಗೈ ಅಗಲಿಸಿದರೆ ಉಗಿ ಕಡಿಮೆ ಮಾಡು ಎಂದರ್ಥ. ಉಸುಕು ಬಿಟ್ಟಾದ ಮೇಲೆ ಅದೇ ಕೈಯನ್ನು ಮುಂದಕ್ಕೆ ಬೀಸಿದರೆ ಈಗ ಬಿಡು ಎಂದರ್ಥ. ದನ ಕರು ಅಡ್ಡ ಬಂದರೆ ಮುಷ್ಟಿ. ಪ್ರತಿ ಸನ್ನೆಗೂ ಒಳಗಿಂದ ಡ್ರೈವರ್ ಶಿದ್ಲಿಂಗಪ್ಪ ಸಣ್ಣಗೆ ಒಂದು ಸೀಟಿ ಊದುತ್ತಿದ್ದ. ಕೈ ತೋರಿಸುವುದು ಸ್ವಲ್ಪ ತಡವಾಯಿತೋ, ಸೀಟಿ ಎರಡು ಮೂರು ಸಲ ಚೀರುತ್ತಿತ್ತು. ಬೈಯುತ್ತಿದ್ದಾನೆ ಎಂದು ಸತ್ತೆಪ್ಪ ತಿಳಿಯುತ್ತಿದ್ದ. ಇಪ್ಪತ್ತೆರಡು ವರ್ಷ ಒಂದೇ ಇಂಜಿನಿನ ಮೇಲೆ ದುಡಿದ ಇಬ್ಬರ ನಡುವೆ ನಡೆದ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಉಸುಕು ಒಣಗಿರಬೇಕು, ಕೈಯಿಂದ ನೀರಿನ ಹಾಗೆ ಇಳಿಯಬೇಕು. ಅದಕ್ಕಾಗಿ ಗುಡ್ಡವ್ವ ದಿನಾ ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಅದೇ ಒಲೆಯ ಮೇಲೆ ಕಡಾಯಿ ಇಟ್ಟು, ಹೊಳೆಯ ಉಸುಕನ್ನು ಜರಡಿ ಹಿಡಿದು ಹುರಿಯುತ್ತಿದ್ದಳು.

"ಮಂದಿ ಹೆಂಡ್ರು ಗಂಡಗ ಶೇಂಗಾ ಹುರದು ಕೊಡ್ತಾರ," ಅನ್ನುತ್ತಿದ್ದಳು, "ನಾ ಉಸುಕ ಹುರದು ಕೊಡಾಕತ್ತೇನಿ. ನನ್ನ ದೈವ ನೋಡ್ರಿ."

ಸತ್ತೆಪ್ಪ ಬೀಸುವ ಕಲ್ಲಿನ ಮುಂದೆ ಕೂತನೆಂದರೆ ಅವಳಿಗೆ ಇನ್ನೊಂದು ನೆಪ ಸಿಗುತ್ತಿತ್ತು. ಹೆಂಡತಿಗೆ ನೆರವಾಗಲು ಕೂತವನು ಕಲ್ಲಿನ ಗೂಟವನ್ನು ತಿರುಗಿಸುವ ಬದಲು ಹಿಂದಕ್ಕೆ ಸ್ವಲ್ಪ, ಮುಂದಕ್ಕೆ ಸ್ವಲ್ಪ ಸರಿಸುತ್ತ, ಬಾಯಲ್ಲಿ ಭುಸುಭುಸು ಸದ್ದು ಮಾಡುತ್ತ ಮೈಮರೆಯುತ್ತಿದ್ದ.

"ಜ್ವಾಳಾ ಬೀಸಾಕ ಕುಂತೀರೋ, ಗಿಡ್ಡಿ ನಡಸಾಕ ಕುಂತೀರೋ? ಹಿಟ್ಟೆಲ್ಲಾ ನುಚ್ಚ ಆಗಿ ಬರಾಕತ್ತೈತಿ."

ಈ ಹುಚ್ಚು ಹಿಡಿದದ್ದು ಕೆಲಸಕ್ಕೆ ಸೇರಿದ ಮೊದಲ ದಿನವೇ. ಅವನ ಅಪ್ಪ ಅವ್ವ ಕಬ್ಬು ಕಡಿಯುವವರು. ಒಂದು ಡಬ್ಬಿ ತುಂಬಿಸಲು ನಾಲ್ಕು ಆಳು ಅರ್ಧ ದಿನ ಬೆನ್ನು ಬಗ್ಗಿಸುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಅಂಥ ಇಪ್ಪತ್ತು ಡಬ್ಬಿಗಳನ್ನು ಶಿದ್ಲಿಂಗಪ್ಪ ಒಂದು ಹ್ಯಾಂಡಲ್ಲನ್ನು ಎರಡು ಬೆರಳಿನಿಂದ ಸರಿಸಿ ಎಬ್ಬಿಸಿಕೊಂಡು ಹೋದ. ಬೆವರಲಿಲ್ಲ, ಉಸಿರೂ ಹೆಚ್ಚು ಬಿಡಲಿಲ್ಲ. ದುಡಿದರೆ ಹಾಗೆ ದುಡಿಯಬೇಕು ಎಂದು ಅವತ್ತು ಸತ್ತೆಪ್ಪನ ತಲೆಗೆ ಹೊಕ್ಕಿತು.

ಹದಿನಾಲ್ಕು ಹಂಗಾಮು ಮುಂದೆ ಕೂತ ಮೇಲೆ ಒಂದು ದಾರಿ ತೆರೆಯಿತು. ಗೂಡಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಕರೆಪ್ಪ, ವಯಸ್ಸಾಯಿತೆಂದು ಮೂಡಲಗಿಯ ಮಗಳ ಮನೆಗೆ ಹೋದ. ಬೆಂಕಿ ಹಾಕುವವನು ನಾಳೆ ಡ್ರೈವರ್ ಆಗುವವನು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಸತ್ತೆಪ್ಪ ಒಗೆದ ಅಂಗಿ ಹಾಕಿಕೊಂಡು ಹೋಗಿ ಗೂಡಿನ ಮೆಟ್ಟಿಲ ಕೆಳಗೆ ನಿಂತ.

"ಅಣ್ಣಾರ, ಕರೆಪ್ಪನ ಜಾಗಾಕ್ಕ ನಾ ಬರ್ಲೇನ್ರಿ? ಗಿಡ್ಡಿದು ಎಲ್ಲಾ ಗೊತ್ತೈತ್ರಿ ನನಗ."

ಶಿದ್ಲಿಂಗಪ್ಪ ಅರಿವೆಯಿಂದ ಹ್ಯಾಂಡಲ್ಲು ಒರೆಸುತ್ತಿದ್ದ. ತಿರುಗಿ ನೋಡಲಿಲ್ಲ.

"ಒಳಗ ಬ್ಯಾಡೋ ಸತ್ಯಾ. ಒಳಗ ನೀರಿನ ಕೊಡಾ ಇರ್ತೈತಿ."

ಇಷ್ಟೇ ಅಂದದ್ದು. ಸಿಟ್ಟಿನಿಂದ ಹೇಳಲಿಲ್ಲ; ಇವತ್ತು ಸ್ವಲ್ಪ ಥಂಡಿ ಐತಿ ಅಂದ ಹಾಗೆ ಹೇಳಿದ. ಬೈದಿದ್ದರೆ ಸತ್ತೆಪ್ಪನೂ ತಿರುಗಿ ಬೈದು, ಒಂದು ದಿನ ಕೆಲಸಕ್ಕೆ ಚಕ್ಕರ್ ಹೊಡೆದು, ಮರೆತುಬಿಡುತ್ತಿದ್ದನೇನೋ. ಮರುದಿನ ಶಿದ್ಲಿಂಗಪ್ಪನ ತಂಗಿಯ ಮಗ ಗೂಡಿಗೆ ಹತ್ತಿದ. ಹಸಿ ಕಟ್ಟಿಗೆ ಯಾವುದು ಒಣ ಕಟ್ಟಿಗೆ ಯಾವುದು ಎಂದು ತಿಳಿಯದ ಗಂಡು ಅವನು. ಸತ್ತೆಪ್ಪ ಮುಂದೆ ಹೋಗಿ ಗೋಣಿಚೀಲದ ಮೇಲೆ ಕೂತ. ಮಧ್ಯಾಹ್ನ ದಿನ್ನೆಯ ಮೇಲೆ ಗಾಡಿ ನಿಂತಾಗ ಎಂದಿನಂತೆ ಮೆಟ್ಟಿಲ ಕೆಳಗೆ ಬಂದು ಬೊಗಸೆ ಒಡ್ಡಿದ, ಮೇಲಿಂದ ಶಿದ್ಲಿಂಗಪ್ಪ ಎಂದಿನಂತೆ ನೀರು ಹುಯ್ದ. ಅರ್ಧ ನೀರು ಮೊಣಕೈಯಿಂದ ಇಳಿದು ಮಣ್ಣಿಗೆ ಹೋಯಿತು, ಅದೂ ಎಂದಿನಂತೆಯೇ.

ಆಮೇಲೆ ಟ್ರ್ಯಾಕ್ಟರುಗಳು ಬಂದವು. ಕಬ್ಬು ಹೊಲದಿಂದ ನೆಟ್ಟಗೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಗಿಡ್ಡಿಗೆ ಕೆಲಸವಿಲ್ಲ, ಸತ್ತೆಪ್ಪನಿಗೂ ಇಲ್ಲ. ಮುಂದೆ ಕಾರ್ಖಾನೆಯೇ ಮುಚ್ಚಿತು. ಸತ್ತೆಪ್ಪ ಮಂದಿಯ ಹೊಲದಲ್ಲಿ ನೀರು ಹಾಯಿಸಿದ, ಗೊಬ್ಬರ ಹೊತ್ತ. ಮನೆಯ ಗೋಡೆಗೆ ಬಾಬಾಸಾಹೇಬರ ಫೋಟೊ ಬಂತು, ಅದರ ಬಾಜೂಕ್ಕೆ ಬುದ್ಧನ ಫೋಟೊ ಬಂತು. ಮಗಳು ಶೀತಲ್ ಕಲಿತು ಅಂಕಲಗಿಯಲ್ಲಿ ಸಾಲಿ ಟೀಚರ್ ಆದಳು. ಬೊಗಸೆ ಒಡ್ಡಿ ನೀರು ಕುಡಿಯುವ ಕಾಲ ಹೋಯಿತು, ಹೋಗಿದ್ದು ಒಳ್ಳೆಯದಾಯಿತು. ಹ್ಯಾಂಡಲ್ಲು ಮಾತ್ರ ಅವನ ಕೈಗೆ ಬರಲಿಲ್ಲ.

ಗಿಡ್ಡಿ ಕಾರ್ಖಾನೆಯ ಹಿಂದೆ ಜಾಲಿ ಕಂಟಿಯೊಳಗೆ ನಿಂತಿತ್ತು. ಎರಡು ಮೂರು ತಿಂಗಳಿಗೊಮ್ಮೆ ಸತ್ತೆಪ್ಪ ಹೋಗಿ ನೋಡಿ ಬರುತ್ತಿದ್ದ. ಅಲ್ಲಿ ಕಾವಲಿಲ್ಲ, ಕೇಳುವವರಿಲ್ಲ. ಹತ್ತಿ ಹ್ಯಾಂಡಲ್ಲು ಹಿಡಿದು ನಿಂತುಕೊಂಡರೆ ಬೇಡ ಎನ್ನಲು ಒಂದು ನಾಯಿಯೂ ಇರಲಿಲ್ಲ. ಅವನು ಹತ್ತಲಿಲ್ಲ. ಯಾರಾದರೂ ಬಾ ಎಂದರೆ ಹತ್ತುತ್ತೇನೆ, ಇಲ್ಲವಾದರೆ ಅದು ಕದ್ದು ಹತ್ತಿದ ಹಾಗೆ, ಎಂಬ ಹಟ ಅವನದು. ಬಾ ಎನ್ನಬೇಕಾದ ಶಿದ್ಲಿಂಗಪ್ಪ ಒಂದು ಶ್ರಾವಣದಲ್ಲಿ ತೀರಿಕೊಂಡ. ಸತ್ತೆಪ್ಪ ಮಣ್ಣಿಗೆ ಹೋಗಿದ್ದ. ದೂರ ನಿಂತು, ಮಣ್ಣು ಮುಚ್ಚುವ ತನಕ ನೋಡಿ ಬಂದ. ಆ ರಾತ್ರಿ ಉಣ್ಣಲಿಲ್ಲ.

ಈಗ ಆರು ವರ್ಷದ ಹಿಂದೆ ಜಾಲಿ ಕಂಟಿ ಕಡಿಯುವ ಸದ್ದು ಕೇಳಿ ಸತ್ತೆಪ್ಪ ಓಡಿ ಹೋದ. ಗುಜರಿಯವರು ಬಂದರೆಂದೇ ಅವನು ತಿಳಿದಿದ್ದ. ನೋಡಿದರೆ ಗೋಕಾಕದ ಮಂದಿ. ಅವರ ಮುಂದಾಳು ವಿಜಯಶ್ರೀ, ಪಾಲಿಟೆಕ್ನಿಕ್ಕಿನಲ್ಲಿ ಯಂತ್ರವಿದ್ಯೆ ಕಲಿಸುವವಳು, ಐವತ್ತರ ಹೆಂಗಸು. ತಲೆಗೆ ಟವೆಲ್ ಸುತ್ತಿಕೊಂಡು ಕೊಡಲಿ ಹಿಡಿದಿದ್ದಳು. ಇವರಿಗೆ ಇದರಿಂದ ಏನು ಲಾಭ ಎಂದು ಊರು ತಲೆ ಕೆರೆದುಕೊಂಡಿತು. ಲಾಭ ಏನೂ ಇರಲಿಲ್ಲ. ಹಳೆಯ ಗಾಡಿಗಳ ಹುಚ್ಚು, ಅಷ್ಟೇ. ತಮಗೆ ತಾವೇ 'ಹಳಿ ಬಳಗ' ಎಂದು ಹೆಸರಿಟ್ಟುಕೊಂಡಿದ್ದರು. ರವಿವಾರಕ್ಕೊಮ್ಮೆ ಬಂದು ಬಂದು, ಮಣ್ಣಿನಲ್ಲಿ ಹೂತಿದ್ದ ಎರಡು ಮೈಲು ಹಳಿ ಅಗೆದು ತೆಗೆದರು. ಸಾಹೇಬರು ಹಳಿ ತಪಾಸಣೆಗೆ ತಿರುಗುತ್ತಿದ್ದ ಹಳೆಯ ಮೋಟಾರಿಗೆ, ಕಬ್ಬಿಣದ ಗಾಲಿಯದಕ್ಕೆ, ಜೀವ ತಂದರು. ಕಬ್ಬಿನ ನಾಲ್ಕು ಡಬ್ಬಿಗಳಿಗೆ ಬೆಂಚು ಹಾಕಿ ಮಂದಿ ಕೂರುವಂತೆ ಮಾಡಿದರು. ಕೊನೆಗೆ ಗಿಡ್ಡಿಯ ಹೊಟ್ಟೆಗೆ ಬೆಂಕಿ ಬಿತ್ತು.

ಈ ಬಳಗಕ್ಕೆ ಊರಿನಿಂದ ಸೇರಿದವನು ಮುತ್ತಪ್ಪ. ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟವನು, ಅರವತ್ತರ ಹತ್ತಿರ, ಡ್ರೈವರ್ ಶಿದ್ಲಿಂಗಪ್ಪನ ಹಿರಿಮಗ. ಬಾಯ್ಲರ್ ಪರೀಕ್ಷೆ ಪಾಸಾದ ಮಾಲಿಂಗ ಎಂಬವನು ಇನ್ನೊಂದು ಕಾರ್ಖಾನೆಯಲ್ಲಿ ಪಗಾರದ ಕೆಲಸ ಮಾಡುತ್ತ, ರವಿವಾರ ಇಲ್ಲಿ ಪುಕ್ಕಟೆ ಬೆಂಕಿ ಹಾಕುತ್ತಿದ್ದ, ಅವನೇ ನಡೆಸುತ್ತಲೂ ಇದ್ದ.

ಸತ್ತೆಪ್ಪ? ಅವನು ಪ್ರತಿ ರವಿವಾರ ಬಂದು ಬೇವಿನ ಗಿಡದ ಬುಡದಲ್ಲಿ ಕೂತು ನೋಡುತ್ತಿದ್ದ. ಯಾರೂ ಕರೆಯಲಿಲ್ಲ, ಅವನೂ ಎದ್ದು ಹೋಗಲಿಲ್ಲ.

ಬಯಲಿನಲ್ಲಿ ಗಿಡ್ಡಿ ಚೆನ್ನಾಗಿ ಓಡಿತು. ಬೇವಿನ ದಿನ್ನೆಗೆ ಬಂದರೆ ಗಾಲಿ ಜಾರಿ, ನಿಂತು, ನಾಚಿಕೆಯಿಲ್ಲದೆ ಹಿಂದಕ್ಕೆ ಬರುತ್ತಿತ್ತು. ಬಳಗದವರು ಪುಸ್ತಕ ತೆಗೆದು ನೋಡಿದರು, ಹಳೆಯ ನಕ್ಷೆ ನೋಡಿದರು. ಅವರ ಬಳಿ ಒಂದು ಹಳೆಯ ಫೋಟೊವೂ ಇತ್ತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗಿಡ್ಡಿಯ ಶೆಡ್ಡಿನಲ್ಲಿ ತೂಗು ಹಾಕಿದ್ದರು. ಗೂಡಿನಿಂದ ಮೀಸೆಯ ಶಿದ್ಲಿಂಗಪ್ಪ ಇಣುಕುತ್ತಿದ್ದಾನೆ. ಮೂತಿಯ ಮುಂದೆ ಸಣಕಲು ಹುಡುಗನೊಬ್ಬ ಬುಟ್ಟಿ ಇಟ್ಟುಕೊಂಡು ಕೂತಿದ್ದಾನೆ. ಯಾರೋ ಕೂಲಿಯವನು ಫೋಟೊದಲ್ಲಿ ಬರುವ ಆಸೆಗೆ ಹತ್ತಿ ಕೂತಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಹಿತ್ತಾಳೆ ಫಲಕದ ಒಂದೊಂದು ಅಕ್ಷರವನ್ನೂ ಭೂತಗನ್ನಡಿ ಹಿಡಿದು ಓದಿದ ಮಂದಿ, ಆ ಬುಟ್ಟಿಯಲ್ಲಿ ಏನಿದೆ ಎಂದು ಮಾತ್ರ ನೋಡಲಿಲ್ಲ.

ಹಳಿಗೆ ಉಸುಕು ಬೇಕೆಂದು ಪುಸ್ತಕ ಹೇಳಿತು. ಹೊಳೆಯ ಉಸುಕು ಈಗ ಸುಲಭಕ್ಕೆ ಸಿಗುವುದಿಲ್ಲ. ಮುತ್ತಪ್ಪನಿಗೆ ಒಂದು ವಿಚಾರ ಹೊಳೆಯಿತು. ಗೋಕಾಕದ ಚುರಮುರಿ ಭಟ್ಟಿಯಲ್ಲಿ ದಿನಾ ಉಸುಕು ಕಾಯಿಸಿಯೇ ಚುರಮುರಿ ಹುರಿಯುತ್ತಾರೆ. ಅದಕ್ಕಿಂತ ಒಣಗಿದ ಉಸುಕು ಜಗತ್ತಿನಲ್ಲಿ ಎಲ್ಲಿದೆ? ಭಟ್ಟಿಯವರು ಚೆಲ್ಲುವ ಹಳೆಯ ಉಸುಕನ್ನು ಎರಡು ಚೀಲ ತುಂಬಿ ತಂದ. ಎಲ್ಲರೂ ಅವನ ಬೆನ್ನು ತಟ್ಟಿದರು.

ಅದು ಕಳೆದ ಡಿಸೆಂಬರಿನ ಮೊದಲ ರವಿವಾರ. ಬೆಳಗಿನ ಮಂಜು ಇನ್ನೂ ಹೊಳೆಯ ಮೇಲಿತ್ತು. ಮುತ್ತಪ್ಪ ಇಂಜಿನಿನ ಬಾಜೂಕ್ಕೆ ನಡೆಯುತ್ತ ಸಲಿಕೆಯಿಂದ ಉಸುಕು ಎಸೆದ. ಗಿಡ್ಡಿ ಮೊದಲಿಗಿಂತ ಜೋರಾಗಿ ಜಾರಿತು. ಬೇವಿನ ಬುಡದಿಂದ ಗಟ್ಟಿಯಾಗಿ ಒಂದು ನಗು ಕೇಳಿಸಿತು.

ಎಲ್ಲರೂ ತಿರುಗಿದರು. ಸತ್ತೆಪ್ಪ ಎದ್ದು, ಧೋತರ ಝಾಡಿಸಿಕೊಂಡು ಬಂದ. ಹಳಿಯ ಮೇಲಿನ ಉಸುಕನ್ನು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿ ಉಗುಳಿದ.

"ಉಪ್ಪ ಐತ್ರಿ ಇದರಾಗ. ಚುರಮುರಿ ಅಕ್ಕಿಗೆ ಉಪ್ಪ ಹಚ್ಚತಾರಲ್ರಿ, ಅದೆಲ್ಲಾ ಉಸುಕಿಗೆ ಇಳದೈತಿ. ಉಪ್ಪ ಇಬ್ಬನಿ ಕುಡಿತೈತ್ರಿ. ನೀವು ಹಳಿಗೆ ಉಸುಕ ಹಾಕಿಲ್ಲ, ರಾಡಿ ಬಡದೀರಿ."

"ನಿಮಗ ಹೆಂಗ ಗೊತ್ರಿ ಅಜ್ಜಾರ?" ವಿಜಯಶ್ರೀ ಕೇಳಿದಳು.

"ನಿಮ್ಮ ಶೆಡ್ಡಿನ್ಯಾಗ ಫೋಟೊ ಐತಲ್ರಿ ಅಕ್ಕೋರ. ಬುಟ್ಟಿ ಹಿಡಕೊಂಡು ಕುಂತಾನಲ್ಲ, ಅಂವಾ ನಾನರಿ."

ವಿಜಯಶ್ರೀ ಶೆಡ್ಡಿನ ಕಡೆಗೊಮ್ಮೆ, ಅವನ ಮುಖದ ಕಡೆಗೊಮ್ಮೆ ನೋಡಿದಳು. ಐದು ವರ್ಷದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಿದ್ದವನನ್ನು ಕೇಳದೆ ವಿಲಾಯತಿ ಪುಸ್ತಕ ತಿರುವಿದ್ದಕ್ಕೆ ಅವಳಿಗೆ ಮುಖ ಎತ್ತಲಾಗಲಿಲ್ಲ.

ಮುಂದಿನ ರವಿವಾರ ಗುಡ್ಡವ್ವ ಮೂವತ್ತು ವರ್ಷದ ಮೇಲೆ ಕಡಾಯಿ ಇಳಿಸಿ, ಸತ್ತೆಪ್ಪ ಹೊಳೆದಂಡೆಯಲ್ಲಿ ಕೆರೆದು ತಂದ ಒಂದು ಬುಟ್ಟಿ ಉಸುಕು ಹುರಿದಳು. ಸತ್ತೆಪ್ಪ ಗೋಣಿಚೀಲ ಮಡಚಿ ಮುಂದೆ ಕೂತ. ಕೈ ಏನನ್ನೂ ಮರೆತಿರಲಿಲ್ಲ. ಒಳಗಿನ ಮಾಲಿಂಗನಿಗೆ ಸನ್ನೆಗಳನ್ನು ಮೊದಲೇ ಹೇಳಿಕೊಟ್ಟಿದ್ದ. ಗಿಡ್ಡಿ ನಾಲ್ಕು ಡಬ್ಬಿ ಮಂದಿಯನ್ನು ಎಳೆದುಕೊಂಡು ದಿನ್ನೆ ಹತ್ತಿತು. ಡಬ್ಬಿಯಲ್ಲಿದ್ದವರು ಗಲ್ಲ ನೋಯುವ ಹಾಗೆ ನಕ್ಕರು, ಮುತ್ತಪ್ಪ ಸಣ್ಣ ಹುಡುಗನ ಹಾಗೆ ಕುಣಿದ.

ವಿಜಯಶ್ರೀ ಶಾಲು ತಂದಿದ್ದಳು. ಸತ್ತೆಪ್ಪ ಕೈ ಅಡ್ಡ ಮಾಡಿದ.

"ಶಾಲು ಬ್ಯಾಡ್ರಿ ಅಕ್ಕೋರ. ಕೊಡೂದಿದ್ರ ಒಂದು ಕೊಡ್ರಿ. ಒಳಗ ನಿಂತು, ಹ್ಯಾಂಡಲ್ ಹಿಡದು, ನಾ ಒಂದ ಸಲ ದಿನ್ನಿ ಹತ್ತಸ್ತೇನ್ರಿ."

"ಬರ್ರಿ ಒಳಗ," ಅಂದಳು ವಿಜಯಶ್ರೀ ತಡಮಾಡದೆ. "ಮಾಲಿಂಗ ನಿಮ್ಮ ಬಾಜೂಕ್ಕ ಇರ್ತಾನ. ಆದರ ಒಂದು ಮಾತರಿ ಅಜ್ಜಾರ. ಬಾಯ್ಲರ್ ಪರವಾನಗಿ ಈ ತಿಂಗಳಿಗೆ ಮುಗಿತೈತಿ. ಒಳಗಿನ ಕೊಳವಿ ಸವದಾವು. ಹೊಸಾವು ಯಾವಾಗ ಸಿಗತಾವೋ, ಸಿಗತಾವೋ ಇಲ್ಲೋ ಗೊತ್ತಿಲ್ಲ. ಕಡೀ ರವಿವಾರ ಆದ ಮ್ಯಾಲೆ ಗಿಡ್ಡಿ ಶೆಡ್ಡಿನ್ಯಾಗ ನಿಲ್ಲೂದ."

ಬರ್ರಿ ಒಳಗ. ಈ ಎರಡು ಮಾತಿಗೆ ಸತ್ತೆಪ್ಪ ಐವತ್ತು ವರ್ಷ ಕಾದಿದ್ದ. ಅವತ್ತೇ ಹತ್ತಿ ಅಭ್ಯಾಸ ಮಾಡಿರಿ ಎಂದು ಮಾಲಿಂಗ ಕರೆದ, ಅವನು ಹೋಗಲಿಲ್ಲ. ನಿಂತ ಇಂಜಿನಿಗೆ ಹತ್ತುವುದಿಲ್ಲ, ದಿನ್ನೆ ಹತ್ತಿಸುವ ದಿನವೇ ಹತ್ತುತ್ತೇನೆ ಅಂದ. ಮಾಲಿಂಗ ಕೆಳಗೆ ನಿಂತೇ ಪಾಠ ಹೇಳಿದ. ಮನೆಯ ಮೂಲೆಯಲ್ಲಿದ್ದ ಬೀಸುವ ಕಲ್ಲು ಮತ್ತೆ ನಡುಮನೆಗೆ ಬಂತು. ಗುಡ್ಡವ್ವ ಈ ಸಲ ಹಿಟ್ಟಿನ ಮಾತೆತ್ತಲಿಲ್ಲ, ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಆಗ ತೊಡಕು ಎದುರಾಯಿತು. ಸತ್ತೆಪ್ಪ ಒಳಗೆ ನಿಂತರೆ ಮುಂದೆ ಕೂರುವವರು ಯಾರು? ಉಸುಕಿಲ್ಲದೆ ಗಿಡ್ಡಿ ಹತ್ತುವುದಿಲ್ಲ. ಉಸುಕು ಬಿಡಬಲ್ಲವನು ಅವನೊಬ್ಬನೇ. ಕಟ್ಟೆಯಲ್ಲಿ ಎಲ್ಲರನ್ನೂ ಕೂರಿಸಿ ನೋಡಿದ್ದಾಯಿತು. ವಿಜಯಶ್ರೀ ಹಿಡಿ ತುಂಬಿ ಚೆಲ್ಲಿದಳು. ಮಾಲಿಂಗ ಒಳಗೇ ಇರಬೇಕಾದವನು. ಮಿಕ್ಕವರಲ್ಲಿ ಒಬ್ಬನಿಗೆ ಎಡಗೈ ನಡೆದರೆ ಬಲಗೈ ನಿಲ್ಲುತ್ತಿತ್ತು, ಇನ್ನೊಬ್ಬ ಗಾಲಿಯ ಸದ್ದಿಗೇ ಕಣ್ಣು ಮುಚ್ಚಿದ. ಸತ್ತೆಪ್ಪನ ಮುಖ ಸಣ್ಣದಾಯಿತು.

"ನಾ ಕುಂದರತೇನಿ ಕಾಕಾ," ಅಂದ ಮುತ್ತಪ್ಪ. "ಕಲಸ್ರಿ ನನಗ."

ಸತ್ತೆಪ್ಪ ಅವನ ಮುಖ ನೋಡಿದ. ಶಿದ್ಲಿಂಗಪ್ಪನ ಮಗ ಗೋಣಿಚೀಲದ ಮೇಲೆ, ತಾನು ಒಳಗೆ. ಅವನಿಗೆ ಒಳಗೊಳಗೇ ಸುಖವಾಯಿತು, ಸುಳ್ಳು ಯಾಕೆ ಹೇಳಬೇಕು.

"ಡ್ರೈವರನ ಮಗಾ ಉಸುಕ ಚೆಲ್ಲಾಕ ಕುಂತ್ರ ಮಂದಿ ಏನಂದಾರು?" ಅಂದ.

"ಅಂದವರಿಗೆ ಒಂದೊಂದು ಬುಟ್ಟಿ ಕೊಡೂಣು. ಅವರೂ ಚೆಲ್ಲಲಿ."

ಹತ್ತು ದಿನ ಮುತ್ತಪ್ಪ ಗ್ಯಾರೇಜು ಮುಚ್ಚಿದ ಮೇಲೆ ಸಂಜೆ ಸಂಜೆ ಸತ್ತೆಪ್ಪನ ಅಂಗಳಕ್ಕೆ ಬಂದ. ಎರಡು ಬಿದಿರು ಹಾಕಿಕೊಂಡು, ನಡುವೆ ಕೂತು ಉಸುಕಿನ ಎಳೆ ಬಿಡುವುದನ್ನು ಕಲಿತ. ಮೆಕ್ಯಾನಿಕ್ಕನ ಕೈ, ಬೇಗ ತಿಳಿಯಿತು. ಸನ್ನೆ ಮಾತ್ರ ಮರೆಯುತ್ತಿದ್ದ. "ಕೈ ತೋರಸೋ, ಕೈ ತೋರಸೋ" ಎಂದು ಗುಡ್ಡವ್ವ ಒಲೆಯ ಮುಂದಿನಿಂದಲೇ ಕೂಗುವ ಹಾಗಾಯಿತು.

ಕೊನೆಯ ರವಿವಾರ ಡಬ್ಬಿಗಳು ತುಂಬಿದವು. ಅಂಕಲಗಿಯಿಂದ ಶೀತಲ್ ಬಂದಿದ್ದಳು. ಅವ್ವನ ಜೊತೆ ಮೊದಲ ಡಬ್ಬಿಯಲ್ಲಿ ಕೂತಳು. ಸತ್ತೆಪ್ಪ ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟ. ಒಂದು, ಎರಡು. ಒಳಗಿದ್ದ.

ಮೊದಲು ಕಣ್ಣಿಗೆ ಬಿದ್ದದ್ದು ನೀರಿನ ಕೊಡ. ಅದೇ ಮೂಲೆ. ಆಗಿನದು ತಾಮ್ರದ್ದು, ಇದು ಸ್ಟೀಲಿನದು, ಮುಚ್ಚಳದ ಮೇಲೆ ಒಂದು ಗ್ಲಾಸು. ಆಮೇಲೆ ಹ್ಯಾಂಡಲ್ಲು. ಹಿಡಿಯುವ ಜಾಗ ಸವೆದು ನುಣ್ಣಗಾಗಿತ್ತು. ಹಿಡಿದ. ಬಿಸಿ ಇತ್ತು. ತಲೆ ಎತ್ತಿ ಮುಂದೆ ನೋಡಿದ.

ಹಳಿ ಇಲ್ಲ.

ಮುಂದಿನ ಕಿಟಕಿಯ ತುಂಬ ಗಿಡ್ಡಿಯ ದುಂಡನೆ ಕರಿ ಹೊಟ್ಟೆ. ಅದರಾಚೆ ಹೊಗೆ ಕೊಳವೆ. ಇಪ್ಪತ್ತೆರಡು ವರ್ಷ ಹಳಿಯನ್ನೇ ನೋಡುತ್ತ ಕೂತವನಿಗೆ ಇಲ್ಲಿ ಹಳಿಯ ಒಂದು ಗೇಣೂ ಕಾಣಲಿಲ್ಲ.

"ಮಾಲಿಂಗಾ, ಹಾದಿ ಎಲ್ಲೈತೋ?"

"ಕಾಣಾಂಗಿಲ್ರಿ ಕಾಕಾ. ತಲಿ ಹೊರಗ ಹಾಕಿದ್ರ ಬಾಜೂದ ಗಿಡಾ ಕಾಣತಾವು, ಅಷ್ಟ. ನಾನೂ ಅವತ್ತ ನಿಮ್ಮ ಕೈ ನೋಡೇ ಹತ್ತಿಸಿದ್ನಿರಿ."

ಸತ್ತೆಪ್ಪ ಬಲಗಡೆ ತಲೆ ಹೊರಗೆ ಹಾಕಿದ. ಇಂಜಿನಿನ ಮೂತಿಯ ಅಂಚು ಕಂಡಿತು. ಅಲ್ಲಿ ಕೂತ ಮನುಷ್ಯ ಕಾಣಲಿಲ್ಲ. ಅಂಚಿನ ಆಚೆಯಿಂದ ಒಂದು ಕೈ ಬಂದು ಮುಂದಕ್ಕೆ ಬೀಸಿತು. ಸತ್ತೆಪ್ಪ ಸೀಟಿ ಊದಿದ, ಹ್ಯಾಂಡಲ್ಲು ಸರಿಸಿದ. ಗಿಡ್ಡಿ ಎದ್ದಿತು.

ಎರಡು ಬೆರಳು ಸಾಕಾಗಲಿಲ್ಲ, ಇಡೀ ಕೈ ಬೇಕಾಯಿತು. ಬಯಲು ಮುಗಿದು ದಿನ್ನೆ ಸುರುವಾಯಿತು. ಗಾಲಿ ಜಾರಿತು, ಕೈ ಚಾಚಿ ಅಂಗೈ ಅಗಲಿತು, ಉಗಿ ತಗ್ಗಿಸಿದ. ಕೈ ಬೀಸಿತು, ಉಗಿ ಬಿಟ್ಟ. ಮತ್ತೆ ಜಾರಿತು, ಮತ್ತೆ ಅಂಗೈ. ಸತ್ತೆಪ್ಪನ ಕಣ್ಣು ಆ ಕೈಯನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ. ಹೋಗುವ ಹಾಗೂ ಇರಲಿಲ್ಲ. ಅಗಲ ಅಂಗೈ, ಮೋಟು ಬೆರಳು. ಥೇಟ್ ಶಿದ್ಲಿಂಗಪ್ಪನ ಕೈ.

ದಿನ್ನೆಯ ನಡು ಹಾದಿಯಲ್ಲಿ ಗಿಡ್ಡಿ ಮೈಯೆಲ್ಲ ನಡುಗಿಸಿ ಗಿರಗಿರ ಸದ್ದು ಮಾಡಿತು. ಕೈ ಬರಲಿಲ್ಲ. ಸತ್ತೆಪ್ಪ ಕಾದ. ಬರಲಿಲ್ಲ. ಮುಂದೆ ಏನಾಗಿದೆ? ಮುತ್ತಪ್ಪ ಬಿದ್ದನೇ? ಹಳಿಯ ಮೇಲೆ ಏನಾದರೂ ಇದೆಯೇ? ಹಿಂದೆ ನಾಲ್ಕು ಡಬ್ಬಿ ಮಂದಿ, ಅದರಲ್ಲಿ ಹೆಂಡತಿ, ಮಗಳು. ಉಗಿ ಬಿಡಬೇಕೋ ಹಿಡಿಯಬೇಕೋ ತಿಳಿಯಲಿಲ್ಲ. ಕೈ ತಾನಾಗಿಯೇ ಸೀಟಿಯ ಸರಪಳಿಗೆ ಹೋಯಿತು. ಒಂದು ಸಲ, ಎರಡು ಸಲ, ಮೂರು ಸಲ ಎಳೆದ. ಸೀಟಿ ಚೀರಿತು.

ಆ ಸದ್ದು ಅವನಿಗೆ ಗೊತ್ತಿತ್ತು. ಆ ಕಾಲದಲ್ಲಿ ಎಷ್ಟು ಸಲ ಬೆನ್ನ ಹಿಂದೆ ಕೇಳಿ, ಬೈಯುತ್ತಿದ್ದಾನೆ ಎಂದು ಹಲ್ಲು ಕಚ್ಚಿದ್ದ. ಅದು ಬೈಗುಳ ಆಗಿರಲಿಲ್ಲ. ಇಲ್ಲಿ ನಿಂತವನಿಗೆ ಹಾಗೆ ಭಯವಾಗುತ್ತಿತ್ತು.

ಕೈ ಬಂತು. ಅಂಗೈ ಅಗಲಿಸಿ, ಉಸುಕು ಬಿಟ್ಟು, ಬೀಸಿತು. ಗಿಡ್ಡಿ ಒಂದು ಗೇಣು ಹಿಂದೆ ಸರಿದು, ಹಳಿ ಕಚ್ಚಿ ಹಿಡಿದು, ಏದುಸಿರು ಬಿಡುತ್ತ ಬೇವಿನ ಗಿಡಗಳ ಹತ್ತಿರಕ್ಕೆ ಹತ್ತಿ ನಿಂತಿತು.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. "ಹತ್ತಿಸಿಬಿಟ್ರಿ ನೋಡ್ರಿ!" ಎಂದು ಮಾಲಿಂಗ ಭುಜ ಹಿಡಿದು ಅಲುಗಿಸಿದ. ಸತ್ತೆಪ್ಪ ಹ್ಯಾಂಡಲ್ಲು ಬಿಡಲಿಲ್ಲ, ಇಳಿಯಲೂ ಇಲ್ಲ. ಐವತ್ತು ವರ್ಷ ಬೇಡಿದ್ದು ಕೈಯಲ್ಲಿತ್ತು, ಅವನಿಗೆ ಮಾತ್ರ ಶಿದ್ಲಿಂಗಪ್ಪನ ನೆನಪಾಗುತ್ತಿತ್ತು. ದಿನಕ್ಕೆ ನಾಲ್ಕು ಸಲ, ಇಪ್ಪತ್ತೆರಡು ಹಂಗಾಮು, ಆ ಮನುಷ್ಯ ಈ ಕುರುಡು ಗೂಡಿನಲ್ಲಿ ನಿಂತು ತನ್ನ ಜೀವ, ಗಾಡಿಯ ಜೀವ, ಎಲ್ಲವನ್ನೂ ಸತ್ತೆಪ್ಪನ ಒಂದು ಕೈಗೆ ಒಪ್ಪಿಸಿದ್ದ. ಅಷ್ಟು ನಂಬಿದ ಕೈ. ಆ ಕೈಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಸತ್ತೆಪ್ಪನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಯಾಕೋ ಅಣ್ಣಾ ಎಂದು ಕೇಳಬೇಕಾಗಿತ್ತು. ಕೇಳಲು ಅವನು ಎಲ್ಲಿದ್ದಾನೆ?

ಮುತ್ತಪ್ಪ ಮುಂದಿನಿಂದ ಬಂದ. ಹುಬ್ಬು, ಮೀಸೆ, ಹಲ್ಲು, ಎಲ್ಲ ಉಸುಕು. ಮೆಟ್ಟಿಲ ಕೆಳಗೆ ನಿಂತು ನಕ್ಕ.

"ನಡುವ ಮರತೆ ಕಾಕಾ, ಬೈಬ್ಯಾಡ್ರಿ. ನಿಮ್ಮ ಸೀಟಿ ಕೇಳಿ ಎಚ್ಚರಾತು. ಮದಲ ಒಂದೀಟು ನೀರ ಕೊಡ್ರಿ, ಬಾಯಾಗೆಲ್ಲಾ ಉಸುಕ."

ಸತ್ತೆಪ್ಪ ಹ್ಯಾಂಡಲ್ಲು ಬಿಟ್ಟ. ಕೊಡದ ಮುಚ್ಚಳ ತೆಗೆದು, ಗ್ಲಾಸು ಅದ್ದಿ ತುಂಬಿ, ಕೆಳಗೆ ಚಾಚಿದ. ಮುತ್ತಪ್ಪ ಅವನ ಕೈಯಿಂದ ತೆಗೆದುಕೊಂಡು, ತುಟಿ ಹಚ್ಚಿ, ಗಟಗಟ ಕುಡಿದು, ಇನ್ನೊಂದು ಎಂದು ಗ್ಲಾಸು ಮೇಲಕ್ಕೆತ್ತಿದ. ಅದರಲ್ಲಿ ಏನಾದರೂ ವಿಶೇಷ ಇದೆಯೆಂದು ಅವನಿಗೆ ಅನಿಸಿದಂತೆ ಕಾಣಲಿಲ್ಲ. ಸತ್ತೆಪ್ಪ ಇನ್ನೊಂದು ತುಂಬಿ ಕೊಟ್ಟ.

"ಹೆಂಗಾತ್ರಿ ಕಾಕಾ, ಒಳಗ?"

"ನಿಮ್ಮಪ್ಪ ಇರಬೇಕಾಗಿತ್ತು ಮುತ್ತಪ್ಪಾ."

"ನೀವು ಹತ್ತಸೂದು ನೋಡಾಕೇನ್ರಿ?"

ಸತ್ತೆಪ್ಪ ತಲೆ ಅಲ್ಲಾಡಿಸಿದ.

"ಅಲ್ಲೋ ತಮ್ಮಾ. ನೀರ ಕುಡ್ಯಾಕ."

ಮುತ್ತಪ್ಪನ ನಗು ನಿಂತಿತು. ಅರ್ಧ ಕುಡಿದ ಗ್ಲಾಸನ್ನು ಹಿಡಿದುಕೊಂಡು ಅವನು ಅಲ್ಲೇ ನಿಂತ. ಡಬ್ಬಿಯಿಂದ ಇಳಿದ ಗುಡ್ಡವ್ವ ಏನಾಯಿತೆಂದು ಬಂದು ನೋಡಿದಳು. ಸತ್ತೆಪ್ಪ ಕೊಡದ ಮುಚ್ಚಳ ಮುಚ್ಚಿ, ಹೆಗಲ ಮೇಲಿನ ಅರಿವೆ ತೆಗೆದು, ಹ್ಯಾಂಡಲ್ಲನ್ನು ನಿಧಾನಕ್ಕೆ ಒರೆಸುತ್ತಿದ್ದ.